ಆಪಾ ಆರಿಸಿದ ಮುಖಪುಟ

ನನ್ನ ಮೊಮ್ಮಗಳು ಅಂಬಿಕಾ ಬರೆದ ಚಿತ್ರ ಪುಸ್ತಕದ ಮುಖಪುಟದ ಮೇಲೆ ಬಂದಿದೆ! ಒಳಗೆಲ್ಲೋ ಮೂಲೆಯಲ್ಲಲ್ಲ, ಹಿಂದಿನ ರಟ್ಟಿನ ಮೇಲಲ್ಲ. ಮುಖದ ಮೇಲೆ! ಮಕ್ಕಳ ಚಿತ್ರಕಥೆಗಳ ದಪ್ಪ ಪುಸ್ತಕ. ಎಲ್ಲೆಲ್ಲಿಯ ಚಿತ್ರಗಾರರೋ ಕಳಿಸಿದ್ದರಂತೆ, ಕೈ ಪಳಗಿದ ದೊಡ್ಡವರೂ ಇದ್ದರಂತೆ. ಅಷ್ಟೂ ಚಿತ್ರಗಳನ್ನು ಬದಿಗಿಟ್ಟು ನಮ್ಮ ಚಿತ್ತಾಪುರದ ಹುಡುಗಿಯದನ್ನು ಎತ್ತಿಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ಟಪಾಲಿನವನು ಕಟ್ಟು ತಂದುಕೊಟ್ಟ. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಯ ಮನೆಮನೆಗೂ ಹೋಗಿ ತೋರಿಸಿ ಬಂದೆ. ಹಿಟ್ಟಿನ ಗಿರಣಿಯವನಿಗೂ ತೋರಿಸಿದೆ; ಕೈಯೆಲ್ಲ ಹಿಟ್ಟಾಗಿತ್ತು, ಮುಟ್ಟಗೊಡಲಿಲ್ಲ.

"ಮುದುಕಿ ಹಾರ್‍ಯಾಡಾಕತ್ತಾಳ ನೋಡ್ರಿ" ಎಂದು ನಕ್ಕರು. ಹೌದು, ಹಾರಾಡುತ್ತೇನೆ. ಎಂಬತ್ತು ದಾಟಿದವಳಿಗೆ ಹಾರಾಡುವುದಕ್ಕೆ ಇನ್ನೆಷ್ಟು ಸಲ ಸಿಗುತ್ತದೆ?

ಚಿತ್ರ ಏನೆಂದು ಹೇಳಲೇ ಇಲ್ಲ. ಸಣ್ಣದೊಂದು ಸ್ಟೇಷನ್ನಿನಲ್ಲಿ ರೈಲು ನಿಂತಿದೆ. ಸಂಜೆ ಇಳಿದಿದೆ. ಡಬ್ಬಿಯ ಕಿಟಕಿಗಳೆಲ್ಲ ಕಪ್ಪು, ಒಂದೇ ಒಂದು ಮಾತ್ರ ಹಳದಿ. ಅದರೊಳಗೆ ದೀಪ ಉರಿಯುತ್ತಿದೆ, ಆದರೆ ಯಾರೂ ಇಲ್ಲ.

"ಅಲ್ಲಿ ಯಾರ್‍ನೂ ಯಾಕ ಕುಂದ್ರಿಸಿಲ್ಲವಾ?" ಎಂದು ಕೇಳಿದೆ.

"ಗೊತ್ತಿಲ್ಲ ಅಜ್ಜಿ. ಬರದು ನೋಡಿದೆ, ಯಾರೂ ಹೊಂದಲಿಲ್ಲ. ಅದಕ್ಕ ಖಾಲಿ ಬಿಟ್ಟೆ" ಎಂದಳು.

ಆ ಮಾತು ಕೇಳಿದ್ದೇ ತಡ, ಪುಸ್ತಕವನ್ನು ಒಳಮನೆಯ ಗೂಡಿನಲ್ಲಿ ಮುಖ ಮುಂದೆ ಮಾಡಿ ನಿಲ್ಲಿಸಿದೆ, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದು ಮುಂದೆ ಮಾಡಿದೆ. "ಅತ್ತಿ, ಇದೇನ್ರಿ ಹೊಸಾ ನಮೂನಿ?" ಎಂದು ಸೊಸೆ ಕೇಳಿದಳು. ಹೊಸದಲ್ಲ. ಹೊತ್ತು ಮುಳುಗಿದ ಮೇಲೆ, ದೀಪ ಹಚ್ಚದೆ, ಒಳಗೆ ಹೋಗಿ ನೋಡಬೇಕು. ಮುಖಪುಟ ಗಟ್ಟಿಯೋ ಪೊಳ್ಳೋ ಎಂದು ತಿಳಿಯುವುದು ಆಗಲೇ. ಇದನ್ನು ನನಗೆ ಕಲಿಸಿದವಳು ವಾಡಿಯ ಆಪಾ. ಹೊತ್ತು ಮುಳುಗಲು ಇನ್ನೂ ಸಮಯವಿದೆ. ಅಷ್ಟರಲ್ಲಿ ಅವಳ ಮಾತು ಬರೆದುಬಿಡುತ್ತೇನೆ.

ನಾನು ಮದುವೆಯಾಗಿ ವಾಡಿಗೆ ಬಂದಾಗ ನಿಜಾಮರ ಆಳಿಕೆ ಮುಗಿದು ಬಹಳ ದಿನವಾಗಿರಲಿಲ್ಲ. ಕಚೇರಿಯ ಬಾವುಟ ಬದಲಾಗಿತ್ತು. ಶಾಲೆಯಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬರತೊಡಗಿತ್ತು. ನಮ್ಮದು ಕಾಗಿಣಾ ಹೊಳೆಯ ದಂಡೆಯ ಅಂಬಿಗರ ಮನೆತನ. ನೀರು ಬಿಟ್ಟು ಹಳಿಯ ಮೇಲೆ ಬಂದವರು ನಮ್ಮ ಯಜಮಾನರೇ ಮೊದಲು. ಜಂಕ್ಷನ್ನಿನಲ್ಲಿ ರೈಲಿನ ಡಬ್ಬಿ ತೊಳೆಯುತ್ತಿದ್ದರು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಅವಳ ಮನೆ. ಅವಳಿಗೊಂದು ಹೆಸರಿತ್ತು, ಯಾರೂ ಕರೆಯುತ್ತಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಹಿರಿಯರು ಕಿರಿಯರು ಎಲ್ಲರಿಗೂ ಅವಳು ಆಪಾ, ಅಂದರೆ ಅಕ್ಕ.

ಅವಳ ಕೆಲಸ ಜಿಲ್ದ್ ಕಟ್ಟುವುದು. ಬಿಚ್ಚಿಹೋದ ಪುಸ್ತಕದ ಹಾಳೆ ಕೂಡಿಸಿ, ಹೊಲಿದು, ರಟ್ಟು ಹಚ್ಚಿ ಗಟ್ಟಿ ಮಾಡುವುದಕ್ಕೆ ನಮ್ಮ ಕಡೆ ಜಿಲ್ದ್ ಅನ್ನುತ್ತಾರೆ. ಅದು ಅವಳ ಗಂಡನ ಕಸುಬು. ನಿಜಾಮರ ಆಳಿಕೆ ಉರುಳಿದ ಆ ಗದ್ದಲದ ವರ್ಷ ಅವನು ಕಟ್ಟಿದ ಪುಸ್ತಕಗಳ ಗಂಟು ಹೊತ್ತು ಸೇಡಂಗೆ ಹೋದವನು ತಿರುಗಿ ಬರಲಿಲ್ಲ. ಸತ್ತ ಎಂದು ಊರು ಅಂದಿತು. ಆಪಾ ಹೌದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅವನ ಸೂಜಿ ತೆಗೆದುಕೊಂಡು ಅವನ ಜಾಗದಲ್ಲಿ ಕುಳಿತಳು. ಕೈಯ ಹಸಿರು ಬಳೆ ಹಾಗೆಯೇ ಇದ್ದವು. ಮನೆಯ ಬಾಗಿಲಿಗೆ ಮಾತ್ರ ಎಂದೂ ಚಿಲಕ ಹಾಕುತ್ತಿರಲಿಲ್ಲ. "ಕಳ್ಳರು ಬಂದ್ರ ಆಪಾ?" ಎಂದರೆ, "ಬರ್ಲಿ ಬಿಡು, ಯಾರರ ಬರ್ಲಿ" ಎನ್ನುವಳು.

ಎತ್ತರದ ಹೆಂಗಸು, ಕುಳಿತರೂ ನಿಂತ ಹಾಗೆ ಕಾಣುತ್ತಿದ್ದಳು. ಬಾಯಲ್ಲಿ ಸದಾ ದಾರ. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲವಾದ್ದರಿಂದ ಅವಳ ಮಾತೆಲ್ಲ ಹಲ್ಲಿನ ಸಂದಿಯಿಂದ ಸೋರಿ ಬರುತ್ತಿತ್ತು. ಹುಳ ಹತ್ತಬಾರದೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವಳು. ಅದರ ಬಣ್ಣ ಹಿಡಿದು ಬೆರಳ ತುದಿಗಳು ನೀಲಿ. ಮುಸ್ಸಂಜೆಯಲ್ಲಿ ಅವಳು ಕಾಣದೆ ಆ ನೀಲಿ ಬೆರಳುಗಳಷ್ಟೇ ಓಡಾಡುತ್ತಿರುವಂತೆ ತೋರುತ್ತಿತ್ತು. ಕಟ್ಟಿದ ಪುಸ್ತಕದ ಮೇಲೆ ಪರ್ಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಹೇರುವಾಗ ಬಗ್ಗಿ ಅದರ ಕಿವಿಯಲ್ಲಿ ಹೇಳುವ ಹಾಗೆ, "ಉಸಿರು ಹಿಡಿ, ಮುಂಜಾನಿ ತಗೀತೀನಿ" ಎನ್ನುವಳು. ಮುಂಜಾನೆ ಕಲ್ಲು ಎತ್ತಿದಾಗ ಪುಸ್ತಕ ನಿಜವಾಗಿ ಉಸ್ಸೆಂದ ಹಾಗೆ ಕೇಳುತ್ತಿತ್ತು. ಹಾಳೆಯೊಳಗಿನ ಗಾಳಿ ಇರಬೇಕು ಅಂದುಕೊಳ್ಳುತ್ತಿದ್ದೆ.

ಅವಳದೊಂದು ಪೀಕಲಾಟವಿತ್ತು. ಉರ್ದು ಪುಸ್ತಕದ ಹೊಲಿಗೆ ಬಲಗಡೆ, ತೆರೆಯುವುದು ಎಡಗಡೆಯಿಂದ. ಕನ್ನಡದ್ದು, ಇಂಗ್ಲಿಷಿನದು ಅದಕ್ಕೆ ಉಲ್ಟಾ. ಉರ್ದುವಿನ ಮೊದಲ ಪುಟ ಇರುವ ಕಡೆ ಇವಕ್ಕೆ ಕೊನೆಯ ಪುಟ. ಆಪಾಳ ಕೈಗೆ ಗೊತ್ತಿದ್ದದ್ದು ಉರ್ದು ರೀತಿ ಒಂದೇ. ಹೊಸ ಕನ್ನಡ ಶಾಲೆಯ ಹೆಡ್‌ಮಾಸ್ತರರು ಒಮ್ಮೆ ಪುಸ್ತಕಗಳ ಹೊರೆ ಹೊರಿಸಿಕೊಂಡು ಬಂದು ಬಾಗಿಲಲ್ಲೇ ಕೂಗಾಡಿದರು.

"ಏನಾಪಾ ಇದು! ಎಲ್ಲಾ ಹಿಂದ್ ಮುಂದ್ ಮಾಡೀರಲ್ಲ!"

"ಕುಂದ್ರಿ ಮಾಸ್ತರ್, ಚಾ ಕುಡೀರಿ" ಎಂದಳು ಆಪಾ, ದಾರ ಕಚ್ಚಿಕೊಂಡೇ. "ಹಿಂದ್ ಯಾವುದು ಮುಂದ್ ಯಾವುದು ಅಂತ ಸರಕಾರಕ್ಕೇ ಇನ್ನಾ ಗೊತ್ತಾಗವಲ್ದು. ನಂಗೆಲ್ಲಿ ಗೊತ್ತಾಗ್ತದ್ರೀ?"

ಮಾಸ್ತರರು ನಕ್ಕು ಚಹಾ ಕುಡಿದೇ ಹೋದರು.

ಚಿತ್ರದ ಪುಸ್ತಕಗಳು ನಮ್ಮ ಮನೆಗೆ ಬಂದದ್ದು ರೈಲಿನಿಂದ. ಮುಂಬೈ ಕಡೆಯ ಗಾಡಿಗಳ ಮೇಲ್ದರ್ಜೆ ಡಬ್ಬಿಗಳಲ್ಲಿ ಸಾಹೇಬರ ಮಕ್ಕಳು ಓದಿ ಬಿಟ್ಟುಹೋದ ತೆಳ್ಳನೆಯ ಇಂಗ್ಲಿಷ್ ಪುಸ್ತಕಗಳನ್ನು ನಮ್ಮವರು ತರುತ್ತಿದ್ದರು. ಪುಟದ ತುಂಬ ಚೌಕ ಚೌಕ ಚಿತ್ರ. ಜನರ ಬಾಯಿಂದ ಮಾತು ಗುಳ್ಳೆಯಂತೆ ಹೊರಟಿರುವುದು. ಇಂಗ್ಲಿಷು ನನಗೂ ಬಾರದು, ಆಪಾಳಿಗೂ ಬಾರದು. ನಾನು ಕಲಿತದ್ದು ಉರ್ದು ಎರಡನೆಯ ಜಮಾತು ಅಷ್ಟೇ, ಕನ್ನಡ ಬರೆಯುವುದನ್ನು ಆಮೇಲೆ ಮಗನ ಪಾಟಿಯ ಮೇಲೆ ಕಲಿತೆ. ಹೀಗಾಗಿ ನಾವಿಬ್ಬರೂ ಆ ಕಥೆಗಳನ್ನೆಲ್ಲ ಕೊನೆಯಿಂದ ನೋಡಿದೆವು, ಅದೇ ಮೊದಲೆಂದು ತಿಳಿದು. ಮೊದಲ ಚಿತ್ರದಲ್ಲಿ ಹೆಣ ಬಿದ್ದಿರುವುದು; ಪುಟ ತಿರುವಿದರೆ ಆ ಮನುಷ್ಯ ಎದ್ದು ನಿಂತಿರುವನು. ಉರಿದ ಮನೆ ಆರಿ ಹೊಸದಾಗುವುದು, ಹಾರಿದ ಗುಂಡು ಬಂದೂಕಿನೊಳಗೆ ಹೋಗುವುದು. ಕಟ್ಟಕಡೆಗೆ ಎಲ್ಲರೂ ಮನೆಯಲ್ಲಿ ಮೇಜಿನ ಸುತ್ತ ಕುಳಿತಿರುವರು.

"ಈ ಇಂಗ್ಲಿಷರ ಕತಿ ಭಾಳ ಛಲೋ ಅದಾವ ಆಪಾ. ಮದಲ ಸಾಯ್ತಾರ, ಆಮ್ಯಾಲ ಕುಂತು ಉಣ್ತಾರ."

"ಅಲ್ಲೇನು ಮತ್ತ?" ಎಂದಳು ಆಪಾ. "ನಮ್ದೇ ಉಲ್ಟಾ ಆಗ್ಯಾದ."

ಯಾವ ಚಿತ್ರ ಯಾರು ಬರೆದದ್ದು ಎಂದು ನಮಗೇನು ಗೊತ್ತು? ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಏನೋ ಸಹಿ ಇರುತ್ತಿತ್ತು, ಓದಲು ಬಾರದು. ಆದರೆ ಆಪಾ ಬರೆದವರನ್ನು ಕೈಗುಣದಿಂದ ಗುರುತಿಸಿ ತಾನೇ ಹೆಸರಿಟ್ಟಿದ್ದಳು. ಕೈಯವ, ನೀರಿನವ, ಕತ್ತಲೆಯವ. ಕೈಯವನ ಮನುಷ್ಯರ ಮುಖ ಹಿಟ್ಟಿನ ಮುದ್ದೆ, ಬೆರಳು ಮಾತ್ರ ಮಾತಾಡುತ್ತಿದ್ದವು. ನೀರಿನವ ಸಮುದ್ರ ಬರೆದರೆ ಸೆರಗು ಎತ್ತಿ ಹಿಡಿಯಬೇಕು ಅನ್ನಿಸುತ್ತಿತ್ತು. ಕತ್ತಲೆಯವ ಶಾಯಿಯ ದೌತಿಯನ್ನೇ ಹಾಳೆಯ ಮೇಲೆ ಬೋರಲು ಹಾಕಿ, ಎಲ್ಲೋ ಒಂದು ಕಡೆ ಬೆಳಕಿಗೆ ಅಷ್ಟು ಜಾಗ ಬಿಡುತ್ತಿದ್ದ. "ಇವನ ಮನ್ಯಾಗ ಯಾರೋ ಹೋಗ್ಯಾರ" ಎನ್ನುತ್ತಿದ್ದಳು ಆಪಾ, ಕತ್ತಲೆಯವನ ಚಿತ್ರ ಸಿಕ್ಕಾಗಲೆಲ್ಲ. ಸಮುದ್ರದಾಚೆಯ ಆ ಮನುಷ್ಯ ನಮ್ಮ ಓಣಿಯಲ್ಲೇ ಇದ್ದಾನೆಂಬಂತೆ ಅವನಿಗಾಗಿ ಒಂದು ಉಸಿರು ಬಿಡುತ್ತಿದ್ದಳು.

ರೈಲ್ವೆ ಬಂಗಲೆಗಳ ಜನ ಇಂಥ ಪುಸ್ತಕಗಳ ಕಟ್ಟು ಕೊಟ್ಟು ಒಂದೇ ಜಿಲ್ದ್ ಮಾಡಿಕೊಡು ಅನ್ನುತ್ತಿದ್ದರು. ಒಳಗೆ ಎಷ್ಟು ಪುಸ್ತಕವಿದ್ದರೂ ಹೊರಗಿನ ರಟ್ಟಿಗೆ ಹಚ್ಚಲು ಒಂದೇ ಮುಖಪುಟಕ್ಕೆ ಜಾಗ. ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಬೇಕು. ಆಪಾಳಿಗೆ ಹತ್ತಿರದ್ದು ಮಸುಕು, ದೂರದ್ದು ಚೊಕ್ಕ. ಅದಕ್ಕೇ ಎಲ್ಲವನ್ನೂ ಗೋಡೆಗುಂಟ ಸಾಲಾಗಿ ನಿಲ್ಲಿಸುವಳು. ಆಮೇಲೆ ಹೊರಗೆ ಬಂದು ಬಾಗಿಲು ಮುಂದೆ ಮಾಡಿ ನನ್ನನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು ಎಲೆ ಅಡಿಕೆ ಹಾಕುವಳು. ಹೊತ್ತು ಮುಳುಗಿ ಮಸೀದಿಯ ಕೂಗು ಮುಗಿದ ಮೇಲೆ, ತನ್ನದೇ ಮನೆಯ ಮುಂದೆ ನಿಂತು, ಪರರ ಮನೆಗೆ ಬಂದವರಂತೆ ಕೆಮ್ಮಿ, ಬಾಗಿಲು ತಳ್ಳುವಳು.

"ಬಂದವರ ಕಡಿ ಯಾವುದು ತಿರುಗಿ ನೋಡ್ತದ, ಅದೇ ಮುಖ. ಉಳದಿದ್ದೆಲ್ಲ ಬರೇ ಕಾಗದ."

ಮೊದಲ ಸಲ ನಾನು ಹುಲಿಯ ಚಿತ್ರ ಒಳ್ಳೆಯದೆಂದಿದ್ದೆ. ಹಗಲಿನಲ್ಲಿ ಏನು ಬಣ್ಣ, ಏನು ಬಾಯಿ! ಮುಸ್ಸಂಜೆಗೆ ಒಳಗೆ ಹೋದರೆ ಹುಲಿ ಸತ್ತು ಬರೀ ಪಟ್ಟೆ ಉಳಿದಿತ್ತು. "ಬೆಳಕನ್ಯಾಗ ಹುಲಿ, ಕತ್ತಲ್ಯಾಗ ಚಾದರ" ಎಂದು ಆಪಾ ನಕ್ಕಳು. ಆದರೆ ಅದರ ಪಕ್ಕದಲ್ಲಿ ಕತ್ತಲೆಯವನ ಚಿತ್ರವೊಂದಿತ್ತು. ಒಬ್ಬ ಮುದುಕ ಮೇಜಿನ ಹಿಂದೆ ತಲೆ ಬಗ್ಗಿಸಿ ಕುಳಿತಿದ್ದ. ಬೆಳಿಗ್ಗೆ ಅವನ ಬೋಳುತಲೆಯಷ್ಟೇ ಕಂಡಿತ್ತು. ಈಗ ಹಣೆಯೂ ಕಾಣುತ್ತಿತ್ತು. ನಾನು ಆಪಾಳ ಸೆರಗು ಹಿಡಿದುಕೊಂಡೆ. ಅವಳು ಅವನಿಗೆ "ಕುಂದ್ರಿ, ಕುಂದ್ರಿ" ಎಂದಳು, ಎದ್ದವರಿಗೆ ಹೇಳುವ ಹಾಗೆ.

ಇನ್ನು ರೈಲಿನ ಗಾರ್ಡ್ ಸಾಹೇಬರ ಮನೆಯ ಮಾತು. ಅವರದು ಬಂಗಲೆಗಳ ಸಾಲಿನಲ್ಲಿ ಕೊನೆಯ ಮನೆ. ನಾನು ಅಲ್ಲಿ ಭಾಂಡೆ ತಿಕ್ಕಲು ಸೇರುವ ಮುಂಚೆಯೇ ಅವರ ಒಬ್ಬನೇ ಮಗ ಹೋಗಿಬಿಟ್ಟಿದ್ದ. ಪರ್ಸಿ ಕಲ್ಲು ತೆಗೆದು ಬಿಟ್ಟ ಖಣಿಯಲ್ಲಿ ಮಳೆನೀರು ತುಂಬಿತ್ತು. ಈಸಲು ಇಳಿದವನು ಮೇಲೆ ಬರಲಿಲ್ಲ. ಆ ಹುಡುಗನನ್ನು ನಾನು ಕಂಡವಳಲ್ಲ, ಆಪಾಳೂ ಕಂಡವಳಲ್ಲ. ದೇಹ ಸಿಕ್ಕಿ ಮಣ್ಣೂ ಮಾಡಿದ್ದರು. ಆದರೂ ಮೇಮ್‌ಸಾಬ್ ದಿನಾ ಸಂಜೆ ಖಣಿಯ ಅಂಚಿಗೆ ಹೋಗಿ ಊಟಕ್ಕೆ ಬಾ ಎಂದು ಅವನ ಹೆಸರು ಹಿಡಿದು ಕೂಗುವರು. ಆಳದ ಖಣಿ, ಕೂಗಿದ್ದು ತಿರುಗಿ ಬರುತ್ತಿತ್ತು. ನೀರಿನೊಳಗಿನಿಂದ ಯಾರೋ ಅವರನ್ನೇ ಅಣಕಿಸಿದ ಹಾಗೆ ಆಗಿ, ಆ ದಾರಿಯಲ್ಲಿ ಆ ಹೊತ್ತಿಗೆ ದನದವರೂ ಬರುತ್ತಿರಲಿಲ್ಲ. ಮೇಮ್‌ಸಾಬ್ ಉಣ್ಣುವುದನ್ನು ನಾ ನೋಡಲಿಲ್ಲ. ತಟ್ಟೆಯಲ್ಲಿ ಹಾಕಿದ್ದು ಹಾಗೇ ತಿಕ್ಕಲು ಬರುತ್ತಿತ್ತು.

ಅಷ್ಟರಲ್ಲಿ ಸಾಹೇಬರಿಗೆ ದೂರದ ಊರಿಗೆ ಬದಲಿಯಾಯಿತು. ಪೆಟ್ಟಿಗೆ ಕಟ್ಟಿದರು. ಮೇಮ್‌ಸಾಬ್ ಮಾತ್ರ ಹೊರಡಲು ಒಪ್ಪಲಿಲ್ಲ. ಅವರು ಆಡುತ್ತಿದ್ದದ್ದು ಹಿಂದೂಸ್ತಾನಿ. ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ನಾವು ಹೋದ್ರ ಅವನ್ನ ಮನಿಗಿ ಯಾರು ಕರೀತಾರ ಭಾಗಮ್ಮ?"

ಒಂದು ದಿನ ಹುಡುಗನ ಚಿತ್ರಪುಸ್ತಕಗಳ ಕಟ್ಟನ್ನೇ ತಂದು ನನ್ನ ಕೈಗಿಟ್ಟರು. "ಇವುಗಳಾಗಿನ ಒಂದನ್ನ ಅಂವ ದಿಂಬಿನ ಬುಡಕ ಇಟ್ಕೊಂಡು ಮಲಗ್ತಿದ್ದ. ಯಾವುದು ಅಂತ ನಾ ಒಂದ್ ದಿನಾನೂ ನೋಡಲಿಲ್ಲ. ಸಾಹೇಬ್ರು ಎಲ್ಲಾ ಕೂಡಿಸಿ ಕಟ್ಟಿಬಿಟ್ರು. ನಿಮ್ಮ ಆಪಾಗ ಕೊಡು, ಅಂವಂದು ಯಾವುದು ಅದನ್ನ ಹೊರಗ ಹಚ್ಚಲಿ. ಅದು ಬಂದ್ರ ಅವನ್ನ ಕರಕೊಂಡು ಗಾಡಿ ಹತ್ತತೀನಿ. ಬ್ಯಾರೆ ಬಂದ್ರ ಅಂವ ಇನ್ನಾ ನೀರಾಗೇ ಅದಾನ ಅಂತ ತಿಳಕೋತೀನಿ, ಇಲ್ಲೇ ಇರ್ತೀನಿ."

ಹಿತ್ತಲಲ್ಲಿ ಸಾಹೇಬರು ನನ್ನ ದಾರಿ ಕಟ್ಟಿ ನಿಂತರು. ಅಷ್ಟೆತ್ತರದ ಮನುಷ್ಯ, ಟೊಪ್ಪಿಗೆ ತಿರುವುತ್ತ, "ಯಾವುದರ ಒಂದು ಹಚ್ಚಿಸಿಬಿಡು ಭಾಗಮ್ಮ. ವಿಮಾನದ್ದು ಹಚ್ಚಿಸು. ಹುಡುಗ್ರಿಗಿ ವಿಮಾನ ಸೇರ್ತದ, ಹೌದಿಲ್ಲೋ?" ಎಂದರು. ಕೇಳಿದ್ದು ನನ್ನನ್ನೋ ತಮ್ಮನ್ನೋ ತಿಳಿಯಲಿಲ್ಲ.

ಆಪಾ ಎಲ್ಲ ಕೇಳಿ ಬಾಯೊಳಗಿನ ದಾರ ತೆಗೆದಳು. ಮಾತಾಡಲೆಂದು ಹಾಗೆ ತೆಗೆದದ್ದನ್ನು ನಾನು ಅದೇ ಮೊದಲು ಕಂಡದ್ದು.

"ನಾವ್ಯಾರು ಭಾಗೂ ಆರಿಸೋರು? ಅವನಿಗೇ ಕೇಳೋಣಂತ."

ಮುಖಪುಟಗಳನ್ನು ಗೋಡೆಗುಂಟ ನಿಲ್ಲಿಸಿದೆವು. ವಿಮಾನವಿತ್ತು, ಉರಿಯುವ ಕೋಟೆಯಿತ್ತು. ನೀರಿನವನ ಒಂದು ಸಮುದ್ರವಿತ್ತು, ಅದರಷ್ಟು ಚಂದದ ಚಿತ್ರ ನಾನು ಇವತ್ತಿನವರೆಗೂ ಕಂಡಿಲ್ಲ. ಒಂದೇ ಅಲೆ ಹಾಳೆಯ ತುಂಬ ಎದ್ದು ನಿಂತು, ಅದರ ಬೆನ್ನಿನ ಮೇಲೆ ಗುಲಗಂಜಿಯಷ್ಟು ದೋಣಿ. ಅಂಬಿಗರ ಮಗಳು ನಾನು, ಕಣ್ಣು ಕೀಳಲಾಗಲಿಲ್ಲ. ಆಪಾ ಕೂಡ ಅದರ ಮುಂದೆ ಬಹಳ ಹೊತ್ತು ನಿಂತಳು. ಕಡೆಗೆ ಉಳಿದದ್ದು ಕತ್ತಲೆಯವನದು. ಎಡಗಡೆ ಕಪ್ಪು ಮನೆ. ಹಾಳೆಯ ಅಂಚಿಗೆ ತಾಗಿ ಮುಚ್ಚಿದ ಬಾಗಿಲು, ಪಕ್ಕದಲ್ಲಿ ಹಳದಿ ಕಿಟಕಿ. ನಮಗೆ ಬೆನ್ನು ಮಾಡಿ ಒಬ್ಬ ಹುಡುಗ ಬಾಗಿಲು ಬಡಿಯಲು ಕೈ ಎತ್ತಿದ್ದಾನೆ. ಅಷ್ಟೇ. ಅದನ್ನು ಒಳಗಿನ ಮೂಲೆಯಲ್ಲಿ, ಜೋಳದ ಗಡಿಗೆಗೆ ಆನಿಸಿ ಇಟ್ಟೆವು.

ಕಟ್ಟೆಯ ಮೇಲೆ ಕುಳಿತೆವು. ಗಾಳಿ ಇರಲಿಲ್ಲ, ಬೇವಿನ ಎಲೆ ಅಲುಗುತ್ತಿರಲಿಲ್ಲ. ಹೊತ್ತು ಇಳಿಯುತ್ತಿದ್ದ ಹಾಗೆ ದೂರದಲ್ಲಿ ಖಣಿಯ ಕಡೆಯಿಂದ ಮೇಮ್‌ಸಾಬರ ಕೂಗು ಕೇಳಿತು, ಹಿಂದೆಯೇ ಅದರ ಮಾರುದನಿ. ಆಮೇಲೆ ನಮ್ಮ ಬೆನ್ನ ಹಿಂದೆ, ಮುಚ್ಚಿದ ಬಾಗಿಲ ಒಳಗೆ, ಮೆಲ್ಲಗೆ ಟಕ್ ಟಕ್ ಎಂದಿತು.

"ಇಲಿ" ಎಂದೆ ನಾನು.

ಆಪಾ ಎದ್ದು ಕೆಮ್ಮಿದಳು. ಬಾಗಿಲು ತಳ್ಳಿದಳು.

ವಿಮಾನ ನಿಂತಲ್ಲೇ ಇತ್ತು. ಕೋಟೆ ನಿಂತಿತ್ತು, ಅಲೆ ನಿಂತಿತ್ತು. ಮೂಲೆಯ ಗಡಿಗೆಗೆ ಆನಿಸಿದ್ದು ಮಾತ್ರ ಅಲ್ಲಿರಲಿಲ್ಲ. ಹೊಸ್ತಿಲ ಒಳಗೆ, ನಮ್ಮ ಕಾಲ ಹತ್ತಿರ, ಬೋರಲಾಗಿ ಬಿದ್ದಿತ್ತು.

"ಬಂದಿ ಏನಪ್ಪ" ಎಂದು ಆಪಾ ಬಗ್ಗಿ ಎತ್ತಿಕೊಂಡಳು, ಎಡವಿ ಬಿದ್ದ ಮಗುವನ್ನು ಎತ್ತಿದ ಹಾಗೆ ಎರಡೂ ಕೈಯಿಂದ.

"ಗಾಳಿಗಿ ಬಿದ್ದಿರ್ತದ ಆಪಾ."

"ಉಳದವರ್‍ಯಾಕ ಬೀಳಲಿಲ್ಲ?"

"ಆದ್ರೂ ನೀರಿನವಂದೇ ಛಲೋ ಅದ."

"ಛಲೋ ಅದ. ಅದರಂಥದ್ದು ಇನ್ನೊಂದಿಲ್ಲ. ಖರೆ ಅದು ಯಾರಿಗೂ ಕಾಯಂಗಿಲ್ಲ ಭಾಗೂ."

ಮರುದಿನ ರಟ್ಟಿಗೆ ಅಂಟಿಸುವಾಗ ಮೂಲೆ ಹಿಡಿದವಳು ನಾನೇ. ಆಪಾ ಎಲುಬಿನ ಪಟ್ಟಿಯಿಂದ ಇಂಚಿಂಚೂ ಸವರಿದಳು. ಹಗಲು ಬೆಳಕಿನಲ್ಲಿ, ಇಷ್ಟು ಹತ್ತಿರದಿಂದ ಆ ಕಿಟಕಿ ನೋಡಿದ್ದೇನೆ. ಹಳದಿ ಬಣ್ಣ, ಖಾಲಿ. ಇದನ್ನು ನೆನಪಿಟ್ಟುಕೊಳ್ಳಿ.

ಜಿಲ್ದ್ ಒಣಗಿ ಮನೆಗೆ ತಂದ ಮೇಲೆ ನಮ್ಮವರು ಹಣೆ ಬಡಿದುಕೊಂಡರು. "ಮತ್ತ ಉಲ್ಟಾ ಹಚ್ಯಾರಲ್ಲ! ಇಂಗ್ಲಿಷ್ ಪುಸ್ತಕಕ್ಕ ಇದು ಹಿಂದಿನ ಬದಿ ಬೇ! ಸಾಹೇಬ್ರು ಸುಮ್ಮಿರ್ತಾರೇನು?" ನಾನು ಓಡಿಹೋಗಿ ಆಪಾಳಿಗೆ ತೋರಿಸಿದೆ. ಅವಳು ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು.

"ನೋಡಿಲ್ಲಿ. ಚಿತ್ರದಾಗಿನ ಬಾಗಲಾ ಎಡಕ್ಕದ. ಅವರ ಮುಂದಿನ ಬದಿಗಿ ಹಚ್ಚಿದ್ರ ಆ ಬಾಗಲಾ ಹೊಲಿಗಿಗಿ ಸಿಗ್ತದ, ಎಷ್ಟ್ ಬಡದ್ರೂ ತೆರಿಯಂಗಿಲ್ಲ. ಈ ಬದಿಗಿ ಹಚ್ಚಿದ್ರ..." ಎಂದು ನೀಲಿ ಬೆರಳಿನಿಂದ ಆ ಬಾಗಿಲನ್ನೇ ಹಿಡಿದು ರಟ್ಟು ಎತ್ತಿದಳು. ಬಾಗಿಲು ತೆರೆದ ಹಾಗೆ ಪುಸ್ತಕ ತೆರೆಯಿತು.

"ಬೇಕಂತ ಮಾಡಿದ್ಯೋ, ಕೈ ಚಾಳಿಯೋ?" ಎಂದೆ.

ಅವಳು ದಾರ ಬಾಯಿಗೆ ಹಾಕಿಕೊಂಡಳು.

ಮೇಮ್‌ಸಾಬ್ ವರಾಂಡದಲ್ಲಿ ಕಟ್ಟಿದ ಪೆಟ್ಟಿಗೆಗಳ ನಡುವೆ ಕುಳಿತಿದ್ದರು. ಪುಸ್ತಕ ನೋಡಿ ಸಾಹೇಬರ ಮುಖ ಬಿಳುಚಿತು. ವಿಮಾನವೂ ಅಲ್ಲ, ಸರಿಯಾದ ಬದಿಯೂ ಅಲ್ಲ. ಕೈ ಚಾಚಿ ಕಸಿದುಕೊಳ್ಳಲು ಬಂದರು. ಅಷ್ಟರಲ್ಲಿ ಮೇಮ್‌ಸಾಬ್ ತೆಗೆದುಕೊಂಡಾಗಿತ್ತು. ನೋಡಿದರು. ಆಮೇಲೆ ತಮ್ಮ ದುಂಡು ಕನ್ನಡಕ ಹಾಕಿಕೊಂಡು, ಮೂಗು ತಾಗುವಷ್ಟು ಬಗ್ಗಿ, ಹಳದಿ ಕಿಟಕಿಯ ಮೇಲೆ ಬೆರಳಿಟ್ಟರು.

"ಇದು ನಾನು" ಎಂದರು.

ಸಾಹೇಬರು ಬಗ್ಗಿದರು. ನಾನೂ ಬಗ್ಗಿದೆ. ಕಿಟಕಿಯೊಳಗೆ, ಅಕ್ಕಿಕಾಳಿನಷ್ಟು, ಸೀಸದಕಡ್ಡಿಯಿಂದ ಬರೆದ ಒಬ್ಬ ಹೆಂಗಸು. ಗಂಟು ಹಾಕಿದ ಕೂದಲು. ಮುಖಕ್ಕಿಂತ ದೊಡ್ಡ ದುಂಡು ಕನ್ನಡಕ. ಹೊರಗೆ ನೋಡುತ್ತ ನಿಂತಿದ್ದಾಳೆ.

"ಅವನ ಕೈನೇ ಇದು. ನನ್ನ ಕನ್ನಡಕ ಯಾವಾಗ್ಲೂ ಇಷ್ಟ್ ದೊಡ್ಡದು ಬರಿತಿದ್ದ."

ಓದು ಬಲ್ಲವರು ಅವರು. ಯಾವುದು ಮೊದಲು, ಯಾವುದು ಕೊನೆ ಗೊತ್ತಿದ್ದವರು. ಆದರೂ ಪುಸ್ತಕ ತಿರುಗಿಸಲಿಲ್ಲ. ಆ ಬಾಗಿಲನ್ನೇ ಹಿಡಿದು ತೆರೆದರು. ಕೊನೆಯಲ್ಲಿ ಹೊಲಿದಿದ್ದದ್ದು ಒಂದು ಕಡಲಿನ ಕಥೆ. ಮೊದಲು ಬರೀ ನೀರು. ಪುಟ ಮಗುಚಿದರು: ನೀರಿನ ತಳದಲ್ಲಿ ಒಬ್ಬ ಹುಡುಗ. ಮಗುಚಿದರು: ನೀರಿನ ಮೇಲೆ ಅವನ ಕೈ. ಮಗುಚಿದರು: ಒಡೆದ ಹಡಗು ಕೂಡಿಕೊಂಡಿದೆ, ಹುಡುಗ ಅದರ ಅಂಚಿನಲ್ಲಿ ನಗುತ್ತ ನಿಂತಿದ್ದಾನೆ. ಹಾಗೇ ತಿರುವುತ್ತ ಹೋದರು. ಆ ಕಥೆಯ ಕಡೆಯ ಪುಟದಲ್ಲಿ, ಅಂದರೆ ಬರೆದವರ ಮೊದಲ ಪುಟದಲ್ಲಿ, ಅವನು ಮನೆಯಲ್ಲಿ ತಾಯಿಯ ಮುಂದೆ ಕುಳಿತು ರೊಟ್ಟಿ ಮುರಿಯುತ್ತಿದ್ದ.

ಮೇಮ್‌ಸಾಬ್ ಕನ್ನಡಕ ತೆಗೆದು ಒರೆಸಿಕೊಂಡರು.

"ಭಾಗಮ್ಮ, ಹಸಿವಾಗ್ಯಾದ. ತಟ್ಟಿ ಇಡು. ಮೂರೂ ಇಡು."

ಮೂರು ಇಟ್ಟೆ. ಅಂದು ತಿಕ್ಕಲು ಬಂದ ಯಾವ ತಟ್ಟೆಯಲ್ಲೂ ಅಗುಳು ಉಳಿದಿರಲಿಲ್ಲ. ಯಾರು ಎಷ್ಟು ಉಂಡರು ಎಂದು ನಾನು ಕೇಳಲಿಲ್ಲ, ನಿಂತು ನೋಡಲೂ ಇಲ್ಲ. ಮರುದಿನ ಗಾಡಿ ಹತ್ತಿದರು. ಗಾಡಿ ಹೊರಟಾಗ ಮೇಮ್‌ಸಾಬ್ ಪುಸ್ತಕವನ್ನು ಎದೆಗೆ ಅವುಚಿಕೊಂಡು ಕಿಟಕಿಯಲ್ಲಿ ಕುಳಿತಿದ್ದರು. ಮುಖಪುಟದ ಹುಡುಗನ ಬೆನ್ನು ನಮ್ಮ ಕಡೆಗಿತ್ತು.

ಓಡಿ ಬಂದು ಆಪಾಳಿಗೆ ಹೇಳಿದೆ. ಅವಳ ಸೂಜಿ ನಿಂತಿತು.

"ಕಿಡಕ್ಯಾಗ ಯಾರೂ ಇದ್ದಿದ್ದಿಲ್ಲ ಭಾಗೂ."

"ನಾನೂ ನೋಡೀನಿ ಆಪಾ. ಯಾರೂ ಇದ್ದಿದ್ದಿಲ್ಲ."

"ಆಕಿ ಏನ್ ಮಾಡಾಕತ್ತಿದ್ಲು?"

"ಹೊರಗ ನೋಡಾಕತ್ತಿದ್ಲು."

"ಹಂಗಾದ್ರ ಬಾಗಲಾ ಬಡದಿದ್ದು ಕೇಳಿಸ್ಯಾದ ಆಕಿಗಿ" ಎಂದು ಮತ್ತೆ ಹೊಲಿಯತೊಡಗಿದಳು. ಆ ವಿಷಯ ಮತ್ತೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮ ಸೀಮೆ ಮೈಸೂರಿಗೆ ಸೇರಿದ ವರ್ಷ ನಾನು ಹೆರಿಗೆಗೆಂದು ತವರಿಗೆ ಬಂದಿದ್ದೆ. ಆಗಲೇ ಆಪಾ ಹೋದಳು. ಹೇಳಲು ಬಂದವರು ನಮ್ಮವರು. ಸೂಜಿಗೆ ದಾರ ಪೋಣಿಸುತ್ತ ಕುಳಿತ ಹಾಗೆಯೇ ಇದ್ದಳಂತೆ, ತಲೆ ಬಗ್ಗಿಸಿ. ಬಾಗಿಲು ಒಡೆಯಬೇಕಾಯಿತಂತೆ.

"ಒಡಿಯೋದ್ಯಾಕ? ಆಪಾ ಎಂದೂ ಚಿಲಕ ಹಾಕಾಕಿ ಅಲ್ಲಲ್ಲ!"

"ಅದೇ ನೋಡು. ಒಳಗಿಂದ ಹಾಕಿತ್ತು."

ಮನೆಯವರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಮಗ್ಗುಲಲ್ಲಿ ಮಲಗಿದ್ದ ಕೂಸಿನ ಮೇಲೆ ಕೈಯಿಟ್ಟುಕೊಂಡು, ಆ ಚಿಲಕದ ಸದ್ದನ್ನೇ ಕೇಳುತ್ತ ಕುಳಿತೆ.

ಹೊತ್ತು ಮುಳುಗಿತು ಎಂದು ಅಂಬಿಕಾ ಕೂಗಿದಾಗ ಇಲ್ಲಿಯವರೆಗೆ ಬರೆದಿದ್ದೆ. ಮುಂದಿನದನ್ನು ಉಂಡು ಬಂದು ಬರೆಯುತ್ತಿದ್ದೇನೆ.

ಮನೆಮಂದಿಯೆಲ್ಲ ನಗುತ್ತ ನನ್ನ ಬೆನ್ನ ಹಿಂದೆ ನಿಂತರು. ನಾನು ಕೆಮ್ಮಿದೆ. ಬಾಗಿಲು ತಳ್ಳಿದೆ. ಗೂಡಿನಲ್ಲಿ ರೈಲು ಇರಲಿಲ್ಲ, ಸ್ಟೇಷನ್ನೂ ಇರಲಿಲ್ಲ; ಎಲ್ಲ ಕತ್ತಲಿಗೆ ಹೋಗಿತ್ತು. ಆ ಹಳದಿ ಕಿಟಕಿಯೊಂದೇ ಇತ್ತು, ನೇರ ನಮ್ಮ ಕಡೆಗೆ. ನಗು ಒಮ್ಮೆಲೇ ನಿಂತಿತು. ಸೊಸೆ ನನ್ನ ಸೆರಗು ಹಿಡಿದುಕೊಂಡಳು.

"ಪಾಸಾತು" ಎಂದೆ. "ಅಂಬಿಕಾ, ನಿನ್ನ ಚಿತ್ರ ಪಾಸಾತವಾ!"

ಆಮೇಲೆ ದೀಪ ಹಚ್ಚಿದರು. ಹೂರಣದ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ರೊಟ್ಟಿ. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕುಳಿತೆವು. ಊಟದ ಹೊತ್ತಿಗೆ ಪುಸ್ತಕ ಬೇಡವೆಂದರೂ ಕೇಳದೆ ಕೈಯಿಂದ ಕೈಗೆ ದಾಟಿಸತೊಡಗಿದರು. ಅಂಬಿಕಾಳ ಅಣ್ಣನ ಮಗಳು, ಇನ್ನೂ ಮಾತು ಬಾರದ ಕೂಸು, ತುಪ್ಪದಲ್ಲಿ ಅದ್ದಿದ ಬೆರಳನ್ನು ತಂದು ಸರಿಯಾಗಿ ಆ ಹಳದಿ ಕಿಟಕಿಯ ಮೇಲೆ ಒತ್ತಿಬಿಟ್ಟಿತು.

"ಅಯ್ಯೋ ಅಜ್ಜಿ!" ಎಂದಳು ಅಂಬಿಕಾ. ಅವಳ ಕಣ್ಣು ತುಂಬಿದವು. ಸೊಸೆ ಕೂಸಿಗೆ ಕೈ ಎತ್ತಿದಳು.

"ಇಲ್ಲಿ ಕೊಡ್ರಿ" ಎಂದೆ.

ದೀಪಕ್ಕೆ ಹಿಡಿದೆ. ತುಪ್ಪ ಇಳಿದು ಕಿಟಕಿಯೊಳಗೆ ಕಲೆಯಾಗಿತ್ತು. ಉದ್ದನೆಯ ಬೆನ್ನು, ಬಗ್ಗಿದ ತಲೆ. ಕುಳಿತರೂ ನಿಂತ ಹಾಗೆ.

"ಹೊಡಿಬ್ಯಾಡ್ರಿ" ಎಂದೆ. "ಹೊಂದೋರು ಬಂದಾರ. ಕುಂದ್ರಲಿ."

ಪುಸ್ತಕವನ್ನು ನನ್ನ ತಟ್ಟೆಯ ಪಕ್ಕದಲ್ಲಿ ಗೋಡೆಗೆ ಆನಿಸಿದೆ. ಮಗ ಕೇಳಿದ, "ಅವ್ವಾ, ಬಾಗಲಾ ತೆರದೇ ಅದಲ್ಲ, ಇನ್ನಾ ಯಾರರ ಬರೋರದಾರೇನು?"

ನಾನು ಸಾಲಿನುದ್ದಕ್ಕೂ ಒಂದು ಸಲ ನೋಡಿದೆ.

"ಇಲ್ಲಪ. ಎಲ್ಲಾರೂ ಬಂದ್ರು. ಚಿಲಕ ಹಾಕಿ ಬಾ, ಉಣ್ಣೋಣು."